ಸೈರನ್ ಇಲ್ಲದ ಊರಲ್ಲಿ ಮನೆಗೆ ಹೊರಡುವ ಹೊತ್ತು

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹಲಸೂರಿನಲ್ಲಿ ವೈಟ್‌ಫೀಲ್ಡ್ ಕಡೆಯ ಮೆಟ್ರೊ ಹತ್ತಿದವರಿಗೆ ಗೊತ್ತು, ಇಂದಿರಾನಗರ ಬರುವ ಮೊದಲೇ ಆಫೀಸು ಶುರುವಾಗಿರುತ್ತದೆ. ಬಾಗಿಲ ಪಕ್ಕದ ಗಾಜಿಗೆ ಒರಗಿ ನಿಂತ ಹುಡುಗ ಬ್ಯಾಗನ್ನೇ ಮೇಜು ಮಾಡಿಕೊಂಡು ಲ್ಯಾಪ್‌ಟಾಪ್ ತೆರೆದಿರುತ್ತಾನೆ. ಸೀಟು ಸಿಕ್ಕ ಪುಣ್ಯವಂತೆಯೊಬ್ಬಳು ಇಯರ್‌ಫೋನಿನಲ್ಲಿ ಯಾರಿಗೋ ಸಮಜಾಯಿಷಿ ಕೊಡುತ್ತಿರುತ್ತಾಳೆ: ‘ಇಲ್ಲ ಸರ್, ನಿನ್ನೆ ರಾತ್ರಿನೇ ಕಳಿಸಿದೀನಿ, ಮೇಲ್ ನೋಡಿ.’ ಸ್ವಾಮಿ ವಿವೇಕಾನಂದ ರಸ್ತೆ ಕಳೆದು ಬೈಯಪ್ಪನಹಳ್ಳಿ ದಾಟುವಾಗ ಎನ್‌ಜಿಇಎಫ್ ಕಾರ್ಖಾನೆಯ ಹಳೆಯ ಜಾಗ, ಅದರೊಳಗೆ ತಮ್ಮ ಪಾಡಿಗೆ ಬೆಳೆದುಕೊಂಡ ಮರಗಳು ಬಂದು ಹೋಗುತ್ತವೆ. ತಲೆ ಎತ್ತಿ ನೋಡುವವರು ಕಡಿಮೆ. ಮುಂದೆ ಬೆನ್ನಿಗಾನಹಳ್ಳಿ, ಆಮೇಲೆ ಕೆ.ಆರ್. ಪುರ. ಅಲ್ಲಿ ಇಳಿದ ದೊಡ್ಡ ಗುಂಪು ಹೊರವರ್ತುಲ ರಸ್ತೆಯ ಬಸ್ಸೋ ಕ್ಯಾಬೋ ಹುಡುಕುತ್ತ ಮೆಟ್ಟಿಲಿಳಿಯುತ್ತದೆ. ಇಳಿಯುವಾಗಲೂ ಮೀಟಿಂಗ್ ನಡೆದೇ ಇರುತ್ತದೆ.

ಆ ನಿಲ್ದಾಣದಿಂದ ಕೂಗಳತೆಯಲ್ಲಿರುವ ಬಡಾವಣೆಗೆ ದೂರವಾಣಿನಗರ ಎಂದು ಹೆಸರು. 1948ರಲ್ಲಿ ಇಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಜನರ ಬಾಯಲ್ಲಿ ಐಟಿಐ, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಬೆರಳು ತೂರಿಸಿ ತಿರುಗಿಸುವ ಆ ಕಪ್ಪು ಡಯಲ್ ಫೋನುಗಳು ದೇಶದ ಕಚೇರಿ, ಅಂಚೆಮನೆ, ಸಾಹುಕಾರರ ಪಡಸಾಲೆಗಳಿಗೆಲ್ಲ ಹೋದದ್ದು ಇಲ್ಲಿಂದ. ತಮಾಷೆಯೆಂದರೆ, ದೇಶಕ್ಕೆಲ್ಲ ಫೋನು ಮಾಡಿಕೊಟ್ಟ ಈ ಊರಿನಲ್ಲಿ ಕೆಲಸ ಮುಗಿಸಿ ಹೊರಟವರನ್ನು ಫೋನು ಹಿಂಬಾಲಿಸುತ್ತಿರಲಿಲ್ಲ. ಫೋನು ಜೋಡಿಸುತ್ತಿದ್ದ ಬಹುಪಾಲು ಮಂದಿಯ ಮನೆಯಲ್ಲಿ ಫೋನೇ ಇರಲಿಲ್ಲ. ಸೈರನ್ ಕೂಗಿತು ಎಂದರೆ ಅವತ್ತಿಗೆ ಕಾರ್ಖಾನೆಗೂ ಅವರಿಗೂ ಲೆಕ್ಕ ಚುಕ್ತಾ.

ಈಗ ನಗರದ ದೊಡ್ಡ ಹೋಟೆಲುಗಳ ಸಭಾಂಗಣಗಳಲ್ಲಿ ಕೆರಿಯರ್, ಲೀಡರ್‌ಶಿಪ್, ವೆಲ್‌ನೆಸ್ ಎಂಬ ಮೂರು ಪದಗಳನ್ನು ಒಂದೇ ಬ್ಯಾನರಿನಲ್ಲಿ ಹೊಲಿದು ವಿಚಾರ ಸಂಕಿರಣ ನಡೆಸುವುದು ರೂಢಿ. ಉಸಿರಾಟದ ಅಭ್ಯಾಸ ಹೇಳಿಕೊಡುತ್ತಾರೆ, ಯೋಗದ ಚಾಪೆ ಹಂಚುತ್ತಾರೆ. ಕೆಟ್ಟದ್ದೇನಲ್ಲ. ಆದರೆ ಪೂರ್ವ ಬೆಂಗಳೂರಿನ ಎಂಟು ದಶಕ ಮೀರಿದ ದುಡಿಮೆಯ ಚರಿತ್ರೆಯನ್ನು ಸುಮ್ಮನೆ ತಿರುವಿ ಹಾಕಿದರೂ ಬೇರೊಂದು ಪ್ರಶ್ನೆ ಎದ್ದು ಕಾಣುತ್ತದೆ. ‘ಇವತ್ತಿನ ಕೆಲಸ ಮುಗಿಯಿತು’ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ? ಒಂದು ಕಾಲಕ್ಕೆ ಅದು ಛಾವಣಿಯ ಮೇಲಿನ ಸೈರನ್ನಿನ ಕೈಯಲ್ಲಿತ್ತು.

ಕಾರ್ಡು, ಗೇಟು, ಓಟಿ

ಎಚ್‌ಎಎಲ್ ಹುಟ್ಟಿದ್ದು ಇನ್ನೂ ಮೊದಲು, 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ವಿಮಾನ ಕಾರ್ಖಾನೆ ಅದು. ಯುದ್ಧಕಾಲದಲ್ಲಿ ಮಿತ್ರಪಕ್ಷಗಳ ವಿಮಾನಗಳು ರಿಪೇರಿಗೆ ಇಲ್ಲಿಗೇ ಬರುತ್ತಿದ್ದವು. ಆಮೇಲೆ ಐಟಿಐ, ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದ ಎನ್‌ಜಿಇಎಫ್, 1964ರಲ್ಲಿ ಬಿಇಎಂಎಲ್. ಹಳೇ ಮದ್ರಾಸು ರಸ್ತೆ ಮತ್ತು ಹಳೇ ವಿಮಾನ ನಿಲ್ದಾಣ ರಸ್ತೆಗಳ ನಡುವಿನ ಊರು ಈ ಕಾರ್ಖಾನೆಗಳ ಗಡಿಯಾರಕ್ಕೆ ತನ್ನ ಗಡಿಯಾರ ಹೊಂದಿಸಿಕೊಂಡಿತು. ಹೆಂಗಸರು ಹಾಲು ಕಾಯಿಸುವುದು, ಮಕ್ಕಳು ಶಾಲೆಗೆ ಹೊರಡುವುದು, ಬೀಡಾ ಅಂಗಡಿಯವನು ದೀಪ ಹಚ್ಚುವುದು ಎಲ್ಲವೂ ಫಸ್ಟ್ ಶಿಫ್ಟು, ಜನರಲ್ ಶಿಫ್ಟು, ಸೆಕೆಂಡ್ ಶಿಫ್ಟಿನ ಲೆಕ್ಕದಲ್ಲಿ.

ಗೇಟಿನ ಬಳಿ ಗೋಡೆಗೊಂದು ಗಡಿಯಾರ, ಅದರ ಕೆಳಗೆ ಸೀಳು. ಕಾರ್ಡು ತೂರಿಸಿದರೆ ‘ಟಕ್’ ಎಂದು ಹೊತ್ತು ಅಚ್ಚಾಗುತ್ತಿತ್ತು. ತಡವಾದರೆ ಕೆಂಪು ಶಾಯಿ. ಕೆಂಪು ಬಿದ್ದರೆ ಸಂಬಳಕ್ಕೆ ಕತ್ತರಿ. ಕಾರ್ಮಿಕರು ಬೈದುಕೊಂಡ ಆ ಯಂತ್ರದಲ್ಲೇ ಅವರ ರಕ್ಷಣೆಯೂ ಇತ್ತು. ಒಳಗೆ ಬಂದ ಹೊತ್ತು ಅಚ್ಚಾದಂತೆ ಹೊರಗೆ ಹೋದ ಹೊತ್ತೂ ಅಚ್ಚಾಗುತ್ತಿತ್ತು. ಎರಡರ ನಡುವಿನ ಗಂಟೆಗಳು ಮೀರಿದರೆ ಅದಕ್ಕೆ ಓಟಿ ಎಂಬ ಹೆಸರಿತ್ತು, ಆ ಹೆಸರಿಗೊಂದು ದರವಿತ್ತು. ತಿಂಗಳ ಕೊನೆಗೆ ಓಟಿ ದುಡ್ಡಿನಲ್ಲಿ ಚೀಟಿ ಕಟ್ಟಿ, ಕೆ.ಆರ್. ಪುರದ ಆಚೆ ಮೂವತ್ತು ನಲವತ್ತರ ಸೈಟು ಕೊಂಡವರು ಈ ಭಾಗದಲ್ಲಿ ಈಗಲೂ ಸಿಗುತ್ತಾರೆ.

ಹಳೆಯದನ್ನೆಲ್ಲ ಹೊನ್ನಿನ ಕಾಲವೆಂದು ಹೊಗಳುವ ಚಟ ನಮ್ಮಲ್ಲಿದೆ, ಅದರಿಂದ ಸ್ವಲ್ಪ ದೂರ ಇರುವುದು ಒಳ್ಳೆಯದು. ಈ ಕಾರ್ಖಾನೆಗಳಲ್ಲಿ ಬಡ್ತಿ ಆಮೆಯ ನಡಿಗೆಯದು. ಜಾಣ್ಮೆಗಿಂತ ಸೇವಾವಧಿಗೆ ಬೆಲೆ ಹೆಚ್ಚು. ಒಂದೇ ಗ್ರೇಡಿನಲ್ಲಿ ಕೂದಲು ನೆರೆತವರು, ಹೊಸದೇನಾದರೂ ಮಾಡಹೊರಟು ‘ಸುಮ್ನಿರಪ್ಪ, ನಿಂಗ್ಯಾಕೆ ಬೇಕು’ ಎನ್ನಿಸಿಕೊಂಡು ತಣ್ಣಗಾದವರು ಬಹಳ. ಸಂಬಳವೂ ಹೋರಾಡದೆ ಏರಲಿಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಒಟ್ಟಾಗಿ 77 ದಿನ ಮುಷ್ಕರ ಮಾಡಿದರು. ಬಿಎಚ್‌ಇಎಲ್‌ನವರಿಗೆ ಸಿಗುವಷ್ಟು ವೇತನ ನಮಗೂ ಕೊಡಿ ಎಂಬುದು ಬೇಡಿಕೆ. ಎರಡೂವರೆ ತಿಂಗಳು ಸಂಬಳವಿಲ್ಲದೆ ಹಲಸೂರು, ಮುರುಗೇಶಪಾಳ್ಯ, ಕೆ.ಆರ್. ಪುರದ ದಿನಸಿ ಅಂಗಡಿಗಳ ಸಾಲದ ಪುಸ್ತಕ ದಪ್ಪವಾಯಿತು. ಸೈರನ್ನಿನ ಶಿಸ್ತೂ ಎಲ್ಲ ಕಾರ್ಖಾನೆಗಳನ್ನು ಉಳಿಸಲಿಲ್ಲ. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು. ದೂರಸಂಪರ್ಕದ ಮಾರುಕಟ್ಟೆ ತೆರೆದುಕೊಂಡ ಮೇಲೆ ಐಟಿಐ ಸೊರಗಿತು.

ಎತ್ತಿನ ಗಾಡಿಯಲ್ಲಿ ಬಂದ ಡಲ್ಲಾಸ್

ಬದಲಾವಣೆ ಬಂದದ್ದು ಕಂಟೋನ್ಮೆಂಟಿನ ಕಡೆಯಿಂದ. 1985ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆಯಿತು. ಬೆಂಗಳೂರಿನಲ್ಲಿ ಇಂಥ ಕೇಂದ್ರ ತೆರೆದ ಮೊದಲ ಬಹುರಾಷ್ಟ್ರೀಯ ಕಂಪನಿ ಅದು. ಉಪಗ್ರಹ ಸಂಪರ್ಕಕ್ಕೆ ಬೇಕಾದ ದೊಡ್ಡ ಡಿಷ್ ಆಂಟೆನಾವನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದ ಚಿತ್ರ ಈಗ ಐಟಿ ಚರಿತ್ರೆಯ ಪುಸ್ತಕಗಳಲ್ಲಿ ಮಾಮೂಲು. ಎತ್ತುಗಳಿಗೆ ತಾವು ಹೊತ್ತದ್ದೇನೆಂದು ತಿಳಿದಿರಲಿಲ್ಲ. ನೋಡುತ್ತಿದ್ದ ಜನಕ್ಕೂ ತಿಳಿದಿರಲಿಕ್ಕಿಲ್ಲ. ಆ ಗಾಡಿಯಲ್ಲಿ ಬಂದದ್ದು ಇನ್ನೊಂದು ಖಂಡದ ಹಗಲು.

ಡಲ್ಲಾಸ್‌ನಲ್ಲಿ ಬೆಳಿಗ್ಗೆ ಒಂಬತ್ತು ಎಂದರೆ ಇಲ್ಲಿ ಬೇಸಿಗೆಯಲ್ಲಿ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಕ್ಯಾಲಿಫೋರ್ನಿಯಾ ಆದರೆ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ನವೆಂಬರಿನ ಒಂದು ಭಾನುವಾರ ಅಮೆರಿಕದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ, ಮಹದೇವಪುರದ ಯಾವುದೋ ಫ್ಲ್ಯಾಟಿನಲ್ಲಿ ರಾತ್ರಿಯೂಟ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಸಾರು ಮತ್ತೆ ಬಿಸಿಯಾಗುತ್ತದೆ. ಮಗು ಅಪ್ಪನನ್ನೋ ಅಮ್ಮನನ್ನೋ ಕಾದು ಸೋಫಾದ ಮೇಲೆ ನಿದ್ದೆಹೋಗುತ್ತದೆ. ಯಾರೂ ಯಾರನ್ನೂ ಶೋಷಿಸಬೇಕೆಂದು ಹೀಗೆ ಮಾಡಿದ್ದಲ್ಲ, ಭೂಮಿ ದುಂಡಗಿದೆ ಅಷ್ಟೆ. ಆದರೆ ದುಂಡಗಿನ ಭೂಮಿಯ ಖರ್ಚನ್ನು ಒಂದೇ ಕಡೆಯವರು ಯಾಕೆ ಹೊರಬೇಕು ಎಂದು ಕೇಳುವ ಮ್ಯಾನೇಜರುಗಳು ಕೆಲವರಿದ್ದಾರೆ. ಅವರು ವಾರಕ್ಕೆ ಎರಡು ಕಾಲ್‌ಗಳನ್ನು ಆ ಕಡೆಯವರ ಸಂಜೆಗೆ, ಅಂದರೆ ನಮ್ಮ ಬೆಳಿಗ್ಗೆಗೆ ತಳ್ಳುತ್ತಾರೆ. ಅಂಥವರ ಟೀಮಿನಲ್ಲಿ ಜನ ನಿಲ್ಲುತ್ತಾರೆ.

ಇದಕ್ಕೆ ರಸ್ತೆಯನ್ನೂ ಕೂಡಿಸಿಕೊಳ್ಳಿ. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೊಮೀಟರ್ ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು. ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೊಮೀಟರ್. ಅದೇ ವೇಗದಲ್ಲಿ ಹೋದರೂ ಒಂದು ಕಡೆಗೆ ಮುಕ್ಕಾಲು ಗಂಟೆ ಮೀರುತ್ತದೆ. ಅದೂ ಸರಾಸರಿ. ಮಳೆ ಬಿದ್ದ ಸಂಜೆ ಹೊರವರ್ತುಲ ರಸ್ತೆಯಲ್ಲಿ ಸಿಕ್ಕಿಕೊಂಡವರು ಸರಾಸರಿಯ ಮಾತಿಗೆ ನಗುತ್ತಾರೆ. ಮೆಟ್ರೊ ಬಂದು ನಿಜಕ್ಕೂ ಉಸಿರು ಬಂತು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ ರೈಲು 2023ರ ಮಾರ್ಚಿನಲ್ಲಿ ಕೆ.ಆರ್. ಪುರ–ವೈಟ್‌ಫೀಲ್ಡ್ ನಡುವೆಯೂ ಓಡಿತು. ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವಿನ ತುಂಡು ಮಾತ್ರ ಅಕ್ಟೋಬರ್ 9ರವರೆಗೆ ಕೂಡಿಕೊಳ್ಳಲಿಲ್ಲ. ಆ ಆರು ತಿಂಗಳು ಜನ ರೈಲಿಳಿದು ಬಸ್ಸು ಹತ್ತಿ, ಬಸ್ಸಿಳಿದು ರೈಲು ಹತ್ತಿ ಓಡಾಡಿದರು. ಕೂಡಿಕೊಂಡ ದಿನದಿಂದ ಉಳಿದ ಸಮಯ ಮನೆಗೆ ಹೋಯಿತೋ ಲ್ಯಾಪ್‌ಟಾಪಿಗೆ ಹೋಯಿತೋ ಎಂಬುದನ್ನು ಒಂಬತ್ತು ಗಂಟೆಯ ಬೋಗಿಯೇ ಹೇಳುತ್ತದೆ.

ಚರ್ಚಿಲ್ ಬಾಕಿ, ಕಮರ್ಷಿಯಲ್ ಸ್ಟ್ರೀಟಿನ ಲೆಕ್ಕ

ಕೆಲಸ–ಬದುಕಿನ ಸಮತೋಲನ ಹೊಸ ಮಾತೆಂದುಕೊಂಡವರು ಕಂಟೋನ್ಮೆಂಟಿನ ಹಳೆಯ ಕಥೆಯೊಂದನ್ನು ಕೇಳಬೇಕು. 1896ರಲ್ಲಿ ವಿನ್‌ಸ್ಟನ್ ಚರ್ಚಿಲ್ ಇಲ್ಲಿಯ ದಂಡಿಗೆ ಕಿರಿಯ ಅಧಿಕಾರಿಯಾಗಿ ಬಂದ. ಮುಂಜಾವಿನಲ್ಲಿ ಕವಾಯತು, ಬಿಸಿಲೇರುವ ಮೊದಲೇ ಕುದುರೆಲಾಯದ ಉಸ್ತುವಾರಿ ಮುಗಿಸಿ ಬಂಗಲೆಗೆ ವಾಪಸು, ಮಧ್ಯಾಹ್ನ ಸೊಗಸಾದ ನಿದ್ದೆ, ಸಂಜೆ ಐದರ ಮೇಲೆ ಪೋಲೊ. ಬಿಡುವಿನಲ್ಲಿ ಗುಲಾಬಿ ಬೆಳೆದ, ಚಿಟ್ಟೆ ಹಿಡಿದ, ಗಿಬ್ಬನ್ ಮತ್ತು ಮೆಕಾಲೆಯ ದಪ್ಪ ಸಂಪುಟಗಳನ್ನು ಓದಿ ಮುಗಿಸಿದ. ಮುಂದೆ ಪ್ರಧಾನಿಯಾದವನ ನಿಜವಾದ ವಿದ್ಯಾಭ್ಯಾಸ ನಡೆದದ್ದು ಬೆಂಗಳೂರಿನ ಈ ಬಿಡುವಿನಲ್ಲಿ ಎಂದರೆ ತಪ್ಪಾಗದು. ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದದ್ದೂ ಲೆಡ್ಜರಿನಲ್ಲಿ ದಾಖಲಾಗಿದೆ, ಬೆಂಗಳೂರು ಕ್ಲಬ್ ಅದನ್ನು ಹೆಮ್ಮೆಯಿಂದ ಕಾಪಾಡಿಕೊಂಡಿದೆ. ಅವನಿಗೆ ನಸುಕಿನಲ್ಲಿ ಗಡ್ಡ ಹೆರೆದ, ಕುದುರೆ ಮಾಲೀಸು ಮಾಡಿದ, ರಾತ್ರಿ ಊಟ ಬಡಿಸಿದ ಹಲಸೂರು, ಶಿವಾಜಿನಗರದ ಜನ ಎಷ್ಟು ಗಂಟೆ ದುಡಿದರೆಂದು ಯಾವ ಲೆಡ್ಜರೂ ಬರೆದಿಡಲಿಲ್ಲ.

ಅವರ ಮರಿಮಕ್ಕಳ ಕಾಲಕ್ಕೆ ಕಾಯ್ದೆಯೊಂದು ಬಂತು: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿ ದುಡಿಸಕೂಡದು. ಓಟಿ ಸೇರಿಸಿಕೊಂಡರೂ ದಿನಕ್ಕೆ 10 ಗಂಟೆ, ಮೂರು ತಿಂಗಳಲ್ಲಿ ಓಟಿ 50 ಗಂಟೆ ದಾಟಬಾರದು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ. ಸ್ವಾರಸ್ಯವೆಂದರೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ಮಡಚುವ ಹುಡುಗಿಗೂ, ಬೆಳ್ಳಂದೂರಿನ ಗಾಜಿನ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ಕೋಡ್ ಬರೆಯುವವಳಿಗೂ ಅನ್ವಯಿಸುವುದು ಇದೇ ಕಾಯ್ದೆ. ಸೀರೆ ಅಂಗಡಿಯ ಹುಡುಗಿ ರಾತ್ರಿ ಶಟರ್ ಇಳಿದ ಮೇಲೆ ಶಿವಾಜಿನಗರ ಬಸ್‌ಸ್ಟ್ಯಾಂಡಿನತ್ತ ಓಡುತ್ತಾಳೆ, ಕಡೇ ಬಸ್ಸು ತಪ್ಪಿದರೆ ಆಟೊಗೆ ದಿನದ ಕೂಲಿಯಲ್ಲಿ ಒಂದು ಪಾಲು ಕೊಡಬೇಕು. ಆದರೂ ಶಟರ್ ಇಳಿದದ್ದು ಅವಳ ಕಣ್ಣಿಗೆ ಕಾಣುತ್ತದೆ. ಇನ್ನೊಬ್ಬಳ ಶಟರ್ ಇಳಿಯುವುದೇ ಇಲ್ಲ.

ಈ ಮಿತಿಯನ್ನೂ ಸಡಿಲಿಸುವ ಪ್ರಯತ್ನ ನಡೆದಿದೆ. 2024ರ ಜುಲೈನಲ್ಲಿ ಐಟಿ ವಲಯಕ್ಕೆ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಸುದ್ದಿಯಾಯಿತು. ಮರುವರ್ಷ ಜೂನಿನಲ್ಲಿ ಬಂದ ಪ್ರಸ್ತಾವದಲ್ಲಿ ಓಟಿ ಬಿಟ್ಟು ದಿನದ ಮಿತಿ 9ರಿಂದ 10 ಗಂಟೆ, ಮೂರು ತಿಂಗಳ ಓಟಿ 50ರಿಂದ 144 ಗಂಟೆ. ಎರಡು ಸಲವೂ ಐಟಿ ನೌಕರರ ಸಂಘವಾದ ಕೆಐಟಿಯು ಬೀದಿಗಿಳಿಯಿತು. ಐಟಿ ಕಂಪನಿಗಳಿಗೆ ಬಹುಕಾಲ ವಿನಾಯಿತಿಯೊಂದು ಇತ್ತು. ಕಾರ್ಖಾನೆ ನೌಕರರಿಗೆ ಅನ್ವಯಿಸುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಅವು ಹೊರಗಿದ್ದವು, 2024ರಲ್ಲಿ ಸರ್ಕಾರ ಆ ವಿನಾಯಿತಿಯನ್ನು ಮತ್ತೆ ವಿಸ್ತರಿಸಿತ್ತು.

ಇನ್ನು ಬಡ್ತಿಯ ಮಾತು. ಅಂಗಡಿ ಕಾಯ್ದೆ ಆಡಳಿತ ಸ್ಥಾನದಲ್ಲಿರುವವರಿಗೆ ಅನ್ವಯಿಸುವುದಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ‘ಮ್ಯಾನೇಜರ್’ ಎಂದು ಅಚ್ಚಾದ ದಿನ ಮನೆಯಲ್ಲಿ ಪಾಯಸ ಮಾಡುತ್ತೇವೆ. ಆ ಪದದ ಜೊತೆಗೆ ಒಂಬತ್ತು ಗಂಟೆಯ ರಕ್ಷಣೆಯೂ ಕೈತಪ್ಪಬಹುದು ಎಂದು ಪಾಯಸ ಉಣ್ಣುವಾಗ ಯಾರಿಗೂ ನೆನಪಿರುವುದಿಲ್ಲ.

ಮೇಲೇರುವುದು ಎಂದರೆ

ನಮ್ಮ ಕಂಪನಿಗಳಲ್ಲಿ ಮೇಲೇರಲು ಇರುವ ಏಣಿ ಬಹುಮಟ್ಟಿಗೆ ಒಂದೇ. ಚೆನ್ನಾಗಿ ಕೋಡ್ ಬರೆಯುವವನನ್ನು ಟೀಮ್ ಲೀಡ್ ಮಾಡುತ್ತಾರೆ, ಅಲ್ಲಿಂದ ಮ್ಯಾನೇಜರು. ನಿನ್ನೆಯವರೆಗೆ ಯಂತ್ರದ ತಪ್ಪು ಹುಡುಕುತ್ತಿದ್ದವನಿಗೆ ಇವತ್ತಿನಿಂದ ಮನುಷ್ಯರ ರಜೆ ಅರ್ಜಿ, ಅಪ್ರೈಸಲ್ಲು, ಜಗಳ, ಅಳು. ಇದಕ್ಕೆ ಎರಡು ದಿನದ ತರಬೇತಿ ಸಿಕ್ಕರೆ ದೊಡ್ಡದು. ಗೊತ್ತಿಲ್ಲದ ಕೆಲಸದಲ್ಲಿ ಭಯವಾದಾಗ ಮನುಷ್ಯ ಗೊತ್ತಿರುವುದನ್ನು ಜೋರಾಗಿ ಮಾಡುತ್ತಾನೆ. ತಾನೂ ರಾತ್ರಿ ಕೂರುತ್ತಾನೆ, ಟೀಮನ್ನೂ ಕೂರಿಸುತ್ತಾನೆ. ರಾತ್ರಿ ಹನ್ನೊಂದಕ್ಕೆ ಅವನು ಗುಂಪಿಗೆ ಕಳಿಸುವ ‘ನಾಳೆ ನೋಡಿದರೆ ಸಾಕು’ ಎಂಬ ಸಂದೇಶವನ್ನು ನಾಳೆ ನೋಡುವ ಧೈರ್ಯ ಯಾರಿಗಿದೆ? ಎಂಟು ಜನ ಆಗಲೇ ಹೆಬ್ಬೆರಳು ಒತ್ತಿರುತ್ತಾರೆ.

ಬಡ್ತಿ ಸಿಗದ ಸಂಕಟವನ್ನೂ ಕನ್ನಡ ಬಲ್ಲದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮೈಸೂರು ಸಿವಿಲ್ ಸರ್ವಿಸಿನಲ್ಲಿ ಮೂರು ದಶಕದಷ್ಟು ದುಡಿದು, ತಮಗಿಂತ ಕಿರಿಯರಿಗೆ ಮಂತ್ರಿ ಪದವಿ ಸಿಕ್ಕಾಗ 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಆಮೇಲೆ ‘ಜೀವನ’ ಪತ್ರಿಕೆ ನಡೆಸಿದರು, ‘ಚಿಕವೀರ ರಾಜೇಂದ್ರ’ ಬರೆದರು, 1983ರಲ್ಲಿ ಜ್ಞಾನಪೀಠ ಬಂತು. ಎಲ್ಲರಿಗೂ ರಾಜೀನಾಮೆ ಎಸೆಯುವ ಅನುಕೂಲ ಇರುವುದಿಲ್ಲ ಎಂಬುದು ನಿಜ. ಗೃಹಸಾಲದ ಕಂತು ಕಟ್ಟುವವರಿಗೆ ಮಾಸ್ತಿ ಮಾದರಿ ದೂರದ ಬೆಟ್ಟ.

ಹತ್ತಿರದ ಮಾದರಿ ಬೇಕೆಂದರೆ ಸತೀಶ್ ಧವನ್ ಇದ್ದಾರೆ. 1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯಿ ತೀರಿಕೊಂಡಾಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಧವನ್ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ರಜೆಯ ವರ್ಷ ಕಳೆಯುತ್ತಿದ್ದರು. ದೇಶದ ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರಲು ಕರೆ ಹೋಯಿತು. ಅವರು ಓಡಿ ಬರಲಿಲ್ಲ. ಅಲ್ಲಿಯ ಕೆಲಸ ಮುಗಿಸಿಕೊಂಡು ಬರುತ್ತೇನೆ, ವಿಜ್ಞಾನ ಸಂಸ್ಥೆಯನ್ನು ಬಿಡುವುದಿಲ್ಲ, ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂದರು. ಸರ್ಕಾರ ಒಪ್ಪಿ ಕಾಯಿತು. ಅಷ್ಟು ತಿಂಗಳು ಎಂ.ಜಿ.ಕೆ. ಮೆನನ್ ಜವಾಬ್ದಾರಿ ನೋಡಿಕೊಂಡರು, 1972ರ ಸೆಪ್ಟೆಂಬರಿನಲ್ಲಿ ಧವನ್ ಅಧಿಕಾರ ವಹಿಸಿಕೊಂಡರು. ಇಂದಿರಾನಗರದಿಂದ ಸ್ವಲ್ಪ ದೂರ, ವಿಮಾನಪುರದಲ್ಲಿ ಉಪಗ್ರಹ ಕಟ್ಟುವ ದೊಡ್ಡ ಕೇಂದ್ರವೊಂದು ಇವತ್ತು ಇದೆ ಎಂದರೆ ಆ ಷರತ್ತಿನ ಋಣವೂ ಅದರಲ್ಲಿದೆ.

ಮುಂದಿನ ಕಥೆಯನ್ನು ಅಬ್ದುಲ್ ಕಲಾಂ ಊರೂರಲ್ಲಿ ಹೇಳುತ್ತಿದ್ದರು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ–3 ರಾಕೆಟ್ಟು ಸಮುದ್ರಕ್ಕೆ ಬಿತ್ತು. ಯೋಜನಾ ನಿರ್ದೇಶಕ ಕಲಾಂ. ಪತ್ರಕರ್ತರ ಮುಂದೆ ಕೂತು ಸೋಲನ್ನು ಮೈಮೇಲೆ ಹಾಕಿಕೊಂಡವರು ಧವನ್. ಮರುವರ್ಷ ಜುಲೈ 18ರಂದು ರಾಕೆಟ್ಟು ಗೆದ್ದಾಗ ‘ಈಗ ನೀನು ಹೋಗಿ ಮಾತಾಡು’ ಎಂಬಂತೆ ಕಲಾಂ ಅವರನ್ನೇ ಮುಂದೆ ಕಳಿಸಿದರು. ನಾಯಕತ್ವದ ಪಾಠವೆಂದು ಎಲ್ಲ ತರಬೇತಿಗಳಲ್ಲೂ ಇದನ್ನು ಸ್ಲೈಡ್ ಮಾಡಿ ತೋರಿಸುತ್ತಾರೆ. ಅದೇ ಮನುಷ್ಯ ಕೆಲಸ ಒಪ್ಪಿಕೊಳ್ಳುವ ಮೊದಲು ‘ನನ್ನ ವರ್ಷ ಮುಗಿಯಲಿ’ ಎಂದದ್ದನ್ನು ಮಾತ್ರ ಸ್ಲೈಡಿನಲ್ಲಿ ಹಾಕುವುದಿಲ್ಲ. ತನ್ನ ಹೊತ್ತಿಗೆ ಬೆಲೆ ಕಟ್ಟಿಕೊಂಡವನಿಗೆ ಇನ್ನೊಬ್ಬರ ತಲೆಯ ಭಾರ ಇಳಿಸುವುದೂ ಗೊತ್ತಿತ್ತು ಎಂದು ಎರಡನ್ನೂ ಸೇರಿಸಿ ಓದಬೇಕು.

ಗ್ರಹಗತಿ ಹಾಕಿದ ಗಡುವು

ಹಾಗಾದರೆ ಹಗಲಿರುಳು ದುಡಿಯಲೇಬಾರದೆ? ವಿಮಾನಪುರದಲ್ಲೇ ಇದಕ್ಕೆ ಉತ್ತರವಿದೆ. ಮಂಗಳಯಾನ 2012ರ ಆಗಸ್ಟಿನಲ್ಲಿ ಘೋಷಣೆಯಾಯಿತು, 2013ರ ನವೆಂಬರ್ 5ರಂದು ಉಡಾವಣೆ. ಹದಿನೈದು ತಿಂಗಳೂ ಇಲ್ಲ. ಮಂಗಳಕ್ಕೆ ಹೋಗುವ ಅನುಕೂಲದ ದಾರಿ ಸುಮಾರು 26 ತಿಂಗಳಿಗೊಮ್ಮೆ ತೆರೆಯುತ್ತದೆ, ತಪ್ಪಿದರೆ ಮತ್ತೆರಡು ವರ್ಷ ಕಾಯಬೇಕು. ಕಾರ್ಯಾಚರಣೆಯ ಉಪ ನಿರ್ದೇಶಕಿಯಾಗಿದ್ದ ನಂದಿನಿ ಹರಿನಾಥ್ ಆ ದಿನಗಳ ಬಗ್ಗೆ ಆಮೇಲೆ ಹೇಳಿಕೊಂಡಿದ್ದರು: ಮಗಳಿಗೆ ಆಗಲೇ ಮುಖ್ಯ ಪರೀಕ್ಷೆ, ಇವರಿಗೆ ಕೆಲಸದ ಒತ್ತಡ, ತಡರಾತ್ರಿ ಮನೆಗೆ ಬಂದು ನಾಲ್ಕಕ್ಕೆ ಮತ್ತೆ ಎದ್ದು ಓದುವ ಮಗಳ ಜೊತೆ ಕೂರುತ್ತಿದ್ದರು. 2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಕಕ್ಷೆ ಸೇರಿದಾಗ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಅಪ್ಪಿಕೊಂಡು ನಗುತ್ತಿದ್ದ ಹೆಂಗಸರ ಚಿತ್ರ ಜಗತ್ತಿನ ತುಂಬ ಓಡಾಡಿತು.

ಇಂಥ ಕಥೆಗಳನ್ನು ಹೇಳಿ ‘ನೋಡಿ, ಅವರು ಮಾಡಲಿಲ್ಲವೇ’ ಎಂದು ಕೇಳುವ ಮ್ಯಾನೇಜರುಗಳು ಒಂದು ವಿಷಯ ಮರೆಯುತ್ತಾರೆ. ಆ ಗಡುವು ಹಾಕಿದ್ದು ನಿಜವಾದ ಗ್ರಹಗತಿ, ಅದಕ್ಕೊಂದು ಕೊನೆಯ ದಿನವಿತ್ತು. ಹಬ್ಬದ ಅಡುಗೆಗೆ ರಾತ್ರಿಯಿಡೀ ಎದ್ದಿರುವುದು ಬೇರೆ, ವರ್ಷವಿಡೀ ಒಲೆಯ ಮುಂದೆ ನಿಲ್ಲುವುದು ಬೇರೆ. ಆ್ಯಪಿನ ಗುಂಡಿಯ ಬಣ್ಣ ಬದಲಿಸಲು ಶುಕ್ರವಾರ ರಾತ್ರಿಯೇ ಆಗಬೇಕೆಂದು ಯಾವ ಗ್ರಹವೂ ಹೇಳುವುದಿಲ್ಲ. ಇನ್ನು ಮಗಳ ಜೊತೆ ನಾಲ್ಕಕ್ಕೆ ಎದ್ದ ತಾಯಿಯನ್ನು ಹೊಗಳಿ ಸುಮ್ಮನಾಗುವುದೂ ನಮಗೆ ಸಲೀಸು. ಅಂಥ ಗಂಡಸು ವಿಜ್ಞಾನಿಗಳೂ ಇದ್ದಿರಬೇಕಲ್ಲ, ಅವರನ್ನು ಯಾರೂ ಈ ಪ್ರಶ್ನೆ ಕೇಳಲಿಲ್ಲ.

2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ತಾವೂ ಹಾಗೆ, ಅದಕ್ಕಿಂತ ಹೆಚ್ಚೂ ದುಡಿದವರು ಅವರು, ಆ ಮಾತಿಗೊಂದು ಪ್ರಾಮಾಣಿಕತೆ ಇದೆ. ಆದರೆ ಸ್ವಂತ ಕಂಪನಿ ಕಟ್ಟುವವನ ಎಪ್ಪತ್ತು ಗಂಟೆಗೂ, ತಿಂಗಳ ಸಂಬಳದವನ ಎಪ್ಪತ್ತು ಗಂಟೆಗೂ ತೂಕ ಒಂದೇ ಅಲ್ಲ. ಲೆಕ್ಕ ಹಾಕಿ ನೋಡಿ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 11 ಗಂಟೆ 40 ನಿಮಿಷ, ಐದು ದಿನಕ್ಕಾದರೆ 14 ಗಂಟೆ. ಅದರ ಮೇಲೆ ಹೊರವರ್ತುಲ ರಸ್ತೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರಕ್ಕೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಯ ಕಾರಣಕ್ಕೆ ಜಗತ್ತಿನಲ್ಲಿ 7,45,000 ಮಂದಿ ಸತ್ತರು. ಇದು ಯೋಗದ ಚಾಪೆಯಿಂದ ಹೋಗುವ ರೋಗವಲ್ಲ.

ದೇಹಕ್ಕಿಂತ ಮೊದಲು ಸೋಲುವುದು ಮನಸ್ಸು. ಬರ್ನ್‌ಔಟ್ ಎನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದುಡಿಮೆಗೆ ಸಂಬಂಧಿಸಿದ ಸ್ಥಿತಿಯೆಂದು ತನ್ನ ಪಟ್ಟಿಯಲ್ಲಿ ವಿವರಿಸಿತು. ಮೈಮನಸ್ಸು ಬಸವಳಿಯುವುದು, ಕೆಲಸವೆಂದರೆ ಹೇವರಿಕೆ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ ಅದರ ಮೂರು ಗುರುತು. ಭಾನುವಾರ ಸಂಜೆ ಐದರಿಂದಲೇ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುವವರಿಗೆ ಪಟ್ಟಿ ಬೇಕಿಲ್ಲ. ಅಂಥವರಿಗೆ ನಿಮ್ಹಾನ್ಸ್ ನಮ್ಮೂರಲ್ಲೇ ಇದೆ. ಅದನ್ನು ಮುಖ್ಯ ಕೇಂದ್ರವಾಗಿಟ್ಟುಕೊಂಡು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹೆಸರು ಕೇಳಿ ಕಂಪನಿಗೆ ಹೇಳುವವರು ಅಲ್ಲಿ ಯಾರೂ ಇಲ್ಲ.

ಯಾರು ಕೂಗಬೇಕು?

ಕೆಲಸದ ನಂತರ ಫೋನು ಎತ್ತದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲೂ ಆಸ್ಟ್ರೇಲಿಯಾ 2024ರಲ್ಲೂ ಕಾನೂನಿಗೆ ಸೇರಿಸಿದವು. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆ ಇಂಥದ್ದೇ ಖಾಸಗಿ ಮಸೂದೆ ಮಂಡಿಸಿದ್ದರು, ಖಾಸಗಿ ಮಸೂದೆಗಳ ಹಣೆಬರಹ ಎಲ್ಲರಿಗೂ ಗೊತ್ತಿದ್ದದ್ದೇ. ಕಾನೂನು ಬಂದರೂ ಅದು ಮೇಜಿನವರೆಗೆ ಬರಲು ಒಬ್ಬ ಮನುಷ್ಯ ಬೇಕು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಒಪ್ಪಿತು. ಆ ರಜೆ ಕೇಳಿದಾಗ ಟೀಮ್ ಲೀಡ್ ಹುಬ್ಬು ಏರಿಸುತ್ತಾನೋ ಇಲ್ಲವೋ ಎಂಬುದರ ಮೇಲೆ ಆದೇಶದ ಆಯಸ್ಸು ನಿಂತಿದೆ.

ರಾತ್ರಿ ಇಂದಿರಾನಗರದ ನೂರಡಿ ರಸ್ತೆಯಲ್ಲಿ ನಿಂತರೆ ಈ ಚಿತ್ರ ಪೂರ್ತಿಯಾಗುತ್ತದೆ. ಹೋಟೆಲಿನ ಮುಂದೆ ಪಾರ್ಸೆಲ್ಲಿಗೆ ಕಾದು ನಿಂತ ಡೆಲಿವರಿ ಹುಡುಗರ ಸಾಲು, ಒಬ್ಬೊಬ್ಬರ ಕೈಯಲ್ಲೂ ಹೊಳೆಯುವ ಪರದೆ. ಆ ಊಟ ಹೋಗುವುದು ಇನ್ನೂ ಕಾಲ್‌ನಲ್ಲಿರುವ ಯಾರಿಗೋ. ಅಲ್ಲಿ ಮೀಟಿಂಗ್ ಬೇಗ ಮುಗಿದರೆ ಇವನ ಆರ್ಡರು ಕಡಿಮೆಯಾಗುತ್ತದೆ, ಅದೂ ಒಂದು ಲೆಕ್ಕ. ಇವನಿಗೆ ಮ್ಯಾನೇಜರ್ ಕೂಡ ಇಲ್ಲ, ಆ್ಯಪ್ ಇದೆ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ರಾಜ್ಯ 2025ರಲ್ಲಿ ಕಾಯ್ದೆ ತಂದಿದೆ. ಆದರೆ ‘ಸಾಕು, ಮನೆಗೆ ಹೋಗು’ ಎಂದು ಆ್ಯಪ್ ಹೇಳಿದ್ದನ್ನು ಕೇಳಿದವರಿಲ್ಲ.

ಕಾರ್ಖಾನೆಯ ಛಾವಣಿಯ ಮೇಲಿದ್ದ ಕೂಗು ಇಲ್ಲವಾದ ಮೇಲೆ ಆ ಕೆಲಸ ಟೀಮಿನ ಮೇಲಿನವರ ಪಾಲಿಗೆ ಬಂದಿದೆ. ಅವರು ಏಳು ಗಂಟೆಗೆ ಎದ್ದು ಬ್ಯಾಗು ಹೆಗಲಿಗೇರಿಸಿದರೆ ಹಿಂದಿನ ಸಾಲುಗಳಲ್ಲೂ ಕುರ್ಚಿ ಸರಿಯುವ ಸದ್ದು ಕೇಳುತ್ತದೆ. ಅವರು ಕೂತರೆ ಎಲ್ಲರೂ ಕೂರುತ್ತಾರೆ. ಬಹುತೇಕ ಮೇಲ್ ಮತ್ತು ಚಾಟ್ ಆ್ಯಪುಗಳಲ್ಲಿ ಈಗ ಬರೆದದ್ದನ್ನು ನಾಳೆ ಕಳಿಸುವ ಗುಂಡಿ ಇದೆ.  ಭಾನುವಾರ ಟೀಮಿನ ಗುಂಪಿಗೆ ಏನಾದರೂ ಬರೆದು ಇಟ್ಟುಕೊಂಡಿದ್ದರೆ, ದಯವಿಟ್ಟು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಹೋಗುವಂತೆ ಇಡಿ.